ಲೈಸೆನ್ಸ್ ಅಮಾನತಾದರೆ ಜಡ್ಜ್ ತಕ್ಷಣ ಅನುಮತಿ ಕೊಡಬಹುದಾ?

ಪ್ರಶ್ನೆ: ಸರ್, ನನ್ನ ತಮ್ಮ ಅಮೆರಿಕದ ಒಹಾಯೊದಲ್ಲಿದ್ದಾನೆ. ಕುಡಿದು ಕಾರು ಓಡಿಸಿ ಮೊದಲ ಸಲ ಸಿಕ್ಕಿಬಿದ್ದು ಲೈಸೆನ್ಸ್ ಅಮಾನತಾಗಿದೆ. ಬಸ್ ಇಲ್ಲದ ಊರು, ಕೆಲಸ ಹೋದರೆ ಮನೆ ನಡೆಯಲ್ಲ. ಕಷ್ಟ ಹೇಳಿಕೊಂಡರೆ ಜಡ್ಜ್ ನಾಳೆಯೇ ಅನುಮತಿ ಕೊಡಲ್ವಾ?

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ ಅಮ್ಮ, ಆದರೆ ನಾಳೆಯೇ ಕೊಡಲು ಆಗುವುದಿಲ್ಲ. ಜಡ್ಜ್‌ಗೆ ಎಷ್ಟೇ ಕನಿಕರ ಇದ್ದರೂ ಅಲ್ಲಿನ ಕಾನೂನು ಕೈ ಕಟ್ಟಿಹಾಕಿದೆ. ಮೊದಲ ಸಲ ಸಿಕ್ಕಿಬಿದ್ದು ಮದ್ಯದ ಪರೀಕ್ಷೆಯಲ್ಲಿ ಮಿತಿ ಮೀರಿದ್ದರೆ ಮೊದಲ 15 ದಿನ ಯಾವ ರಿಯಾಯಿತಿಯೂ ಇಲ್ಲ, ಪರೀಕ್ಷೆಗೇ ಒಪ್ಪದಿದ್ದರೆ 30 ದಿನ. ಹಿಂದೆಯೂ ಇಂಥ ಕೇಸ್ ಇದ್ದವರಿಗೆ ಇನ್ನೂ ಜಾಸ್ತಿ. ಆಮೇಲೆ ಅರ್ಜಿ ಹಾಕಬಹುದು, ಆದರೆ ಕೊಡಲೇಬೇಕು ಅಂತಿಲ್ಲ.

ಸಿಕ್ಕರೂ ಅದು ಪೂರ್ತಿ ಲೈಸೆನ್ಸ್ ಅಲ್ಲ. ಕೆಲಸ, ಓದು, ಆಸ್ಪತ್ರೆ, ಕೋರ್ಟ್ ಹೇಳಿದ ಚಿಕಿತ್ಸೆ, ಸಾಮಾನ್ಯವಾಗಿ ಇಂಥವಕ್ಕೆ ಮಾತ್ರ, ಎಲ್ಲಿಗೆ ಯಾವಾಗ ಅನ್ನುವುದೂ ಆದೇಶದಲ್ಲೇ ಬರೆದಿರುತ್ತದೆ. ಸುಮ್ನೆ ಗೆಳೆಯನ ಮನೆಗೆ ಹೋಗಿ ಸಿಕ್ಕಿಬಿದ್ದರೆ ಹೊಸ ಕೇಸ್. ಹಾಗಾಗಿ ಕಂಪನಿಯಿಂದ ಕೆಲಸದ ಸಮಯ ಬರೆಸಿಕೊಂಡು, ಇನ್ಶೂರೆನ್ಸ್ ಕಾಗದದ ಜೊತೆ ವಕೀಲರನ್ನು ಈಗಲೇ ನೋಡಲಿ.

ಅವನು ಟ್ರಕ್ ಡ್ರೈವರ್ ಆಗಿದ್ದರೆ ಮಾತ್ರ ಕಷ್ಟ. ಕುಡಿದು ಓಡಿಸಿದ್ದು ಸಾಬೀತಾದರೆ, ಅದು ಸ್ವಂತ ಕಾರಾದರೂ ಸರಿ, ಫೆಡರಲ್ (ಇಡೀ ಅಮೆರಿಕಕ್ಕೆ ಅನ್ವಯಿಸುವ) ಕಾನೂನಿನ ಪ್ರಕಾರ ಕನಿಷ್ಠ 1 ವರ್ಷ ವಾಣಿಜ್ಯ ವಾಹನ ಮುಟ್ಟುವಂತಿಲ್ಲ, ಆ ಅವಧಿಗೆ ಯಾವ ರಾಜ್ಯವೂ ವಿಶೇಷ ಪರ್ಮಿಟ್ ಕೊಡುವಂತಿಲ್ಲ.