ಕನ್ನಡಿಗೆ ಟವೆಲ್ ಹೊದಿಸಿದ ಹುಡುಗ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಹತ್ತಿರ ಬಂದವನು ಇಪ್ಪತ್ತೆರಡರ ಹುಡುಗ. ಗೆಳೆಯರ ಬಲವಂತಕ್ಕೆ ಒಂದು ರಾತ್ರಿ ಹಾರರ್ ಸಿನಿಮಾಕ್ಕೆ ಕೂತಿದ್ದಾನೆ. ಅರ್ಧಕ್ಕೇ ಎದ್ದು ಪಕ್ಕದ ಕೋಣೆಗೆ ಹೋಗಿದ್ದಾನೆ. ಆಮೇಲೆ ಮೂರು ವಾರವಾದರೂ ಲೈಟ್ ಆರಿಸಿ ಮಲಗಲು ಆಗುತ್ತಿಲ್ಲ. ಮುಖಕ್ಕೆ ಸೋಪು ಹಚ್ಚಿದಾಗಲೂ ಕಣ್ಣು ಮುಚ್ಚುವುದಿಲ್ಲ, ಉರಿದರೂ ಸರಿ. ಹಿಂದೆ ಯಾರೋ ನಿಂತಂತಾಗಿ ಕೊನೆಗೆ ಕನ್ನಡಿಗೇ ಟವೆಲ್ ಹೊದಿಸಿದ್ದಾನೆ.

"ಅವರೆಲ್ಲ ನಗ್ತಾ ನೋಡಿದ್ರು ಮೇಡಂ. ನಾನೊಬ್ಬನೇ ಪುಕ್ಕಲನಾ?"

ಭಯಕ್ಕಿಂತ ಈ ನಾಚಿಕೆಯೇ ಅವನನ್ನು ಜಾಸ್ತಿ ಕಾಡುತ್ತಿತ್ತು. ಹಾಗಾಗಿ ಮೊದಲು ಅದಕ್ಕೇ ಉತ್ತರ ಕೊಟ್ಟೆ. ಕ್ರಿಸ್ಟನ್ ಹ್ಯಾರಿಸನ್ ಮತ್ತು ಜೋಆನ್ ಕ್ಯಾಂಟರ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಕಾಲು ಭಾಗದಷ್ಟು ಕಾಲೇಜು ವಿದ್ಯಾರ್ಥಿಗಳಿಗೆ ಹಿಂದೆಂದೋ ನೋಡಿದ ದೃಶ್ಯದ ಅಳುಕು ಆಗಲೂ ಉಳಿದಿತ್ತು. ಕಥೆ ಸುಳ್ಳು ಅಂತ ಬುದ್ಧಿಗೆ ಗೊತ್ತು. ಆದರೆ ಅಪಾಯಕ್ಕೆ ಥಟ್ಟನೆ ಸ್ಪಂದಿಸುವ ಮಿದುಳಿನ ಭಾಗ ಅಮಿಗ್ಡಲಾ ಅಷ್ಟು ಹೊತ್ತು ಕಾಯುವುದಿಲ್ಲ. ದಿಢೀರ್ ಸದ್ದಾದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ.

ಗೆಳೆಯರಿಗೂ ಹಾಗೇ ಆಗಿರುತ್ತದೆ. ಮತ್ತೆ ಅವರಿಗೇಕೆ ಖುಷಿ? ಡಾಲ್ಫ್ ಝಿಲ್ಮನ್ ಎಂಬ ಸಂಶೋಧಕ 1970ರ ದಶಕದಲ್ಲಿ ಮುಂದಿಟ್ಟ ವಿವರಣೆ ನನಗೆ ಇಲ್ಲಿ ಸರಿ ಕಾಣುತ್ತದೆ. ಮೈಯಲ್ಲಿ ಎದ್ದ ಉದ್ವೇಗ ತಕ್ಷಣ ಇಳಿಯುವುದಿಲ್ಲ, ಮುಂದೆ ಬರುವ ಭಾವನೆಗೆ ಸೇರಿಕೊಂಡು ಅದನ್ನೂ ಏರಿಸುತ್ತದೆ. ನಾಯಕಿ ಪಾರಾದಾಗ ಸಿಗುವ ನಿರಾಳ ಅದಕ್ಕೇ ಅಷ್ಟು ಜೋರಾಗಿರುತ್ತದೆ. ಈ ಹುಡುಗ ಅದಕ್ಕೆ ಮುಂಚೆಯೇ ಎದ್ದಿದ್ದ. ಪಕ್ಕದ ಕೋಣೆಯಲ್ಲಿ ಬರೀ ಚೀರಾಟ ಕೇಳಿಸಿಕೊಂಡು, ಉಳಿದದ್ದನ್ನು ತಾನೇ ಕಲ್ಪಿಸಿಕೊಂಡಿದ್ದ. ನಾವು ಕಲ್ಪಿಸಿಕೊಳ್ಳುವುದು ಸಿನಿಮಾದಲ್ಲಿ ಇರುವುದಕ್ಕಿಂತ ಭಯಂಕರವಾಗಿರುತ್ತದೆ, ಅಲ್ವಾ?

ಆದರೆ ಭಯ ಮೂರು ವಾರ ಉಳಿದದ್ದಕ್ಕೆ ಸಿನಿಮಾಕ್ಕಿಂತ ಆ ಟವೆಲ್ ದೊಡ್ಡ ಕಾರಣ. ಹೊದಿಸಿದ ಕೂಡಲೇ ನೆಮ್ಮದಿ. 'ಟವೆಲ್ ಇದ್ದಿದ್ದಕ್ಕೇ ಬಚಾವಾದೆ' ಅಂತ ಮನಸ್ಸು ನಂಬಿಬಿಡುತ್ತದೆ. ಕನ್ನಡಿಯಲ್ಲಿ ಏನೂ ಇಲ್ಲ ಅನ್ನುವುದು ಅದಕ್ಕೆ ಗೊತ್ತಾಗುವುದೇ ಇಲ್ಲ.

ಆದ್ದರಿಂದ ಹಗಲಿನಲ್ಲಿ ಟವೆಲ್ ತೆಗೆದು ಕನ್ನಡಿ ಮುಂದೆ ನಿಲ್ಲಲು ಹೇಳಿದೆ. ಹೆದರಿಕೆ ತಾನಾಗಿ ಇಳಿಯುವವರೆಗೆ ಅಲ್ಲೇ ಇರಬೇಕು. ಅದು ಸಲೀಸಾದ ಮೇಲೆ ಸಂಜೆ, ಆಮೇಲೆ ರಾತ್ರಿ. ಕಾಡುವ ದೃಶ್ಯವನ್ನು ಮೊದಲು ನನಗೇ ಬಾಯಿಬಿಟ್ಟು ಹೇಳಿದ. ಎರಡನೇ ಸಲ ಹೇಳುವಾಗ ಸ್ವರದ ನಡುಕ ಕಡಿಮೆಯಾಗಿತ್ತು. ಅದೇ ದೃಶ್ಯವನ್ನು ಆಮೇಲೆ ಫೋನಿನಲ್ಲಿ ಸದ್ದಿಲ್ಲದೆ, ಬೇಕೆಂದಲ್ಲಿ ನಿಲ್ಲಿಸುತ್ತಾ ನೋಡಿದ. ಸದ್ದು ತೆಗೆದರೆ ಹಾರರ್ ದೃಶ್ಯದ ಅರ್ಧ ಬಲ ಹೋಗುತ್ತದೆ. ಮೇಕಪ್ಪು ಮೇಕಪ್ಪಾಗಿಯೇ ಕಾಣುತ್ತದೆ.

ಲೈಟಿನ ವಿಷಯದಲ್ಲಿ ಅವಸರ ಬೇಡ ಎಂದೆ. ದೊಡ್ಡ ದೀಪದಿಂದ ಸಣ್ಣ ದೀಪಕ್ಕೆ ಬಂದರೂ ಈಗ ಸಾಕು.

ಇನ್ನು ಗೆಳೆಯರು. "ನನಗೆ ಇಂಥ ಸಿನಿಮಾ ಇಷ್ಟ ಇಲ್ಲ" ಅಂತ ಸುಮ್ನೆ ಹೇಳಿದರಾಯಿತು, ಕಾರಣ ಕೊಡಬೇಕಾಗಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ನಿದ್ದೆ ಸರಿಯಾಗದೆ, ಹಗಲಿನ ಕೆಲಸಕ್ಕೂ ತೊಂದರೆಯಾದರೆ ಮನೋವೈದ್ಯರನ್ನು ನೋಡಲೇಬೇಕು. ಅವನಿಗೆ ಪತ್ರ ಬರೆದುಕೊಟ್ಟು, ಮುಂದಿನ ವಾರ ಮತ್ತೆ ಬರಲು ಹೇಳಿದ್ದೇನೆ.