ಮಳೆಗಾಲದಲ್ಲಿ ಎಲ್ಲಿ ಆಡಿಸೋದು, ಮಾಸ್ತರೇ?

ಪ್ರಶ್ನೆ: ಮಾಸ್ತರೇ, ಮಗಳು ಒಂಬತ್ತನೇ ಕ್ಲಾಸು. ಏಳನೆಯವರೆಗೆ ಖೋಖೋ ಅಂದರೆ ಊಟ ಬಿಡುತ್ತಿದ್ದಳು. ಈಗ ಸ್ಕೂಲ್ ಬಸ್ಸು, ಟ್ಯೂಷನ್ನು, ಮೊಬೈಲು ಅಷ್ಟೇ. ಜೊತೆಗೆ ನಮ್ಮ ಮಳೆ. ‘ಸ್ವಲ್ಪ ಓಡಾಡೇ’ ಅಂದರೆ ಸಿಡುಕುತ್ತಾಳೆ. ಏನು ಮಾಡಲಿ?
- ಒಬ್ಬ ತಾಯಿ, ಶಿರಸಿ ತಾಲೂಕು

ಉತ್ತರ: ಮೊದಲು ‘ಓಡಾಡು’ ಅನ್ನೋದನ್ನು ಬಿಡಿ. ಮೂವತ್ತು ವರ್ಷ ಪಿಟಿ ಮಾಸ್ತರಾಗಿದ್ದವ ನಾನು. ಊರ ಮಕ್ಕಳನ್ನೆಲ್ಲ ಆಡಿಸಿದೆ, ಸ್ವಂತ ಮಗನ ಹತ್ತಿರ ಸೋತೆ. ಐದೂವರೆಗೆ ಎಬ್ಬಿಸಿ, ಸ್ಟಾಪ್‌ವಾಚ್ ಹಿಡಿದು, ಕಾರವಾರದ ಕಡಲದಂಡೆಯಲ್ಲಿ ಓಡಿಸುತ್ತಿದ್ದೆ. ಕಾಲೇಜಿಗೆ ಹೋದವನೇ ಶೂ ಅಟ್ಟಕ್ಕೆ ಹಾಕಿದ. ಈಗಲೂ ಆ ಉಸುಕು ಕಂಡರೆ ಅವನಿಗಾಗದು.

ಖೋಖೋ ಬಿಟ್ಟದ್ದು ಯಾಕೆ ಅಂತ ಕೇಳಿದ್ದೀರಾ? ಬೈಯುವ ದನಿಯಲ್ಲಲ್ಲ, ಸುಮ್ನೆ, ಜಡೆ ಹಾಕುವಾಗ. ಈ ವಯಸ್ಸಿನಲ್ಲಿ ಎಷ್ಟೋ ಹುಡುಗಿಯರು ಮುಟ್ಟಿನ ದಿನಗಳ ಹೆದರಿಕೆಗೆ ಆಟ ಬಿಡುತ್ತಾರೆ. ಯಾರೋ ನಕ್ಕರು ಅಂತಲೂ ಬಿಡುತ್ತಾರೆ. ನಮ್ಮ ಕಣ್ಣಿಗೆ ಅದು ಸೋಮಾರಿತನ. ಒಂದು ದಪ್ಪನೆಯ ಟ್ರ್ಯಾಕ್ ಪ್ಯಾಂಟು ಕೊಡಿಸಿದ ಮೇಲೆ ಗ್ರೌಂಡಿಗೆ ವಾಪಸ್ ಬಂದವರನ್ನು ನೋಡಿದ್ದೇನೆ. ಹೊಟ್ಟೆನೋವು ಇಲ್ಲದಿದ್ದರೆ ಆ ದಿನಗಳಲ್ಲೂ ಆಡಬಹುದು. ಎರಡು ಮೆಟ್ಟಿಲಿಗೇ ಸುಸ್ತು, ಮುಖ ಬಿಳಚಿದೆ ಅಂತಾದರೆ ಮಾತ್ರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆ ಇರುವ ಮಗುವಿಗೆ ‘ಓಡು’ ಅನ್ನೋದು ಅನ್ಯಾಯ, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಷ್ಟು ಚಟುವಟಿಕೆ ಬೇಕು ಅನ್ನುತ್ತದೆ. ವಾರಕ್ಕೆ 3 ದಿನವಾದರೂ ಮೂಳೆ, ಸ್ನಾಯು ಗಟ್ಟಿ ಮಾಡುವಂಥದ್ದೂ ಇರಬೇಕು. ಗಾಬರಿಯಾಗಬೇಡಿ, ಒಂದೇ ಸಲಕ್ಕೆ ಆಗಬೇಕೆಂದಿಲ್ಲ. ತೋಟಕ್ಕೆ ಇಳಿದು ಬಿರಬಿರನೆ ದಿಬ್ಬ ಹತ್ತಿದ್ದೂ ಲೆಕ್ಕಕ್ಕೆ ಬಂತು. ಮಳೆ ಹಿಡಿದರೆ ಜಗುಲಿಯಲ್ಲಿ ಸ್ಕಿಪ್ಪಿಂಗ್. ಕುಪ್ಪಳಿಸಿದಷ್ಟೂ ಮೂಳೆಗೆ ಒಳ್ಳೆಯದು.

ನಮ್ಮ ಕಡೆ ಯಕ್ಷಗಾನ ಇರುವಾಗ ಜಿಮ್ ಯಾಕೆ ಅನ್ನುವವ ನಾನು. ಹೆಜ್ಜೆ ಕಲಿಯುವಾಗಲೇ ಬೆವರು ಕಿತ್ತು ಬರುತ್ತದೆ. ಹತ್ತಿರ ಕಲಿಸುವವರಿದ್ದರೆ ಗೆಳತಿಯ ಜೊತೆ ಕಳಿಸಿ, ಒಬ್ಬಳನ್ನೇ ಬೇಡ. ಮಂಡಿ ಹಾಕುವುದನ್ನು, ಅಂದರೆ ಮೊಣಕಾಲೂರಿ ಗಿರಗಿರ ತಿರುಗುವುದನ್ನು, ಮಾತ್ರ ಗುರುಗಳ ಎದುರೇ ಕಲಿಯಲಿ. ಮನೆಯ ಸಿಮೆಂಟು ನೆಲದಲ್ಲಿ ಶುರುಮಾಡಿದರೆ ಮೊಣಕಾಲು ಹೋದೀತು.

ಶನಿವಾರ ಪೇಟೆಗೆ ಹೋದಾಗ ಸ್ಕಿಪ್ಪಿಂಗ್ ಹಗ್ಗ ಎರಡು ತನ್ನಿ. ಒಂದು ನಿಮಗೆ. ನೀವು ಎಡವಿದ್ದು ನೋಡಿ ಅವಳು ನಕ್ಕರೆ ನಗಲಿ ಬಿಡಿ.