ಒಸಡಿನ ಚಿಕಿತ್ಸೆಯೋ, ಪೂರ್ತಿ ಹಲ್ಲುಸೆಟ್ಟೋ?

ಅಮ್ಮನಿಗೆ 58 ವರ್ಷ, ಒಸಡಲ್ಲಿ ರಕ್ತ, ನಾಲ್ಕು ಹಲ್ಲು ಅಲ್ಲಾಡ್ತಿವೆ, ಎಲ್ಲಾ ಕೀಳಿಸಿ ಸೆಟ್ ಹಾಕಿಸೋದಾ ಅಂತ ಕೇಳಿದ್ದೀರಿ. ಅವಸರ ಬೇಡ. ನಾಲ್ಕು ಅಲ್ಲಾಡಿದರೆ ಉಳಿದವೂ ಹೋದವು ಅಂತಲ್ಲ.

ಮೊದಲು ಎಕ್ಸ್-ರೇ ತೆಗೆಸಿ, ಒಸಡು ಹಲ್ಲಿನಿಂದ ಎಷ್ಟು ಬಿಟ್ಟಿದೆ ಎಂದು ಅಳೆಸಿ. 3 ಮಿಲಿಮೀಟರ್‌ವರೆಗೆ ಸರಿ. 5-6 ಇದ್ದರೂ ಬೇರಿನವರೆಗೆ ಕ್ಲೀನ್ ಮಾಡಿಸಿದರೆ ಎಷ್ಟೋ ಹಲ್ಲು ಉಳಿಯುತ್ತವೆ. ಒಂದೂವರೆ ತಿಂಗಳು ಬಿಟ್ಟು ಮತ್ತೆ ಅಳೆಸಿ, ಆಮೇಲೆ ತೀರ್ಮಾನಿಸಿ. ಶುಗರ್ ಹತೋಟಿಯಲ್ಲಿಲ್ಲದಿದ್ದರೆ, ಎಲೆಯಡಿಕೆ ಜೊತೆ ಹೊಗೆಸೊಪ್ಪು ಬಿಡದಿದ್ದರೆ ಸುಮ್ನೆ ದುಡ್ಡು ದಂಡ. ಒತ್ತಿದರೆ ಕೆಳಕ್ಕಿಳಿಯುವ ಹಲ್ಲು ಸಾಮಾನ್ಯವಾಗಿ ಉಳಿಯುವುದಿಲ್ಲ, ಅದನ್ನು ಕೀಳಿಸಿ.

ಪೂರ್ತಿ ಸೆಟ್‌ನಲ್ಲಿ ಚಕ್ಕುಲಿ ಕಡಿಯೋದು ಕಷ್ಟ. ಹಲ್ಲು ಕಿತ್ತ ಮೇಲೆ ದವಡೆ ಮೂಳೆ ಸವೆಯುತ್ತಾ ಹೋಗುತ್ತದೆ, ಕೆಳಗಿನ ಸೆಟ್ ಸಡಿಲವಾಗುತ್ತದೆ. ಎರಡು ಕೋರೆಹಲ್ಲಿನ ಬೇರು ಉಳಿಸಿಕೊಂಡರೂ ಸೆಟ್ಟಿಗೆ ಹಿಡಿತ ಸಿಗುತ್ತದೆ, ಡಾಕ್ಟರ್ ಹತ್ರ ಅದನ್ನೂ ಕೇಳಿ.